ತಿಮಿಂಗಿಲಕ್ಕೆ ಗ್ಯಾರಂಟಿ ಕೊಡುವವರು

"ಗುಣ ಕಾಣದಿದ್ದರೆ ಹಣ ವಾಪಸ್" ಎಂದು ಜಾತ್ರೆಯಲ್ಲಿ ಕೂದಲೆಣ್ಣೆ ಮಾರುವವನು ಕೂಗಿದರೆ ನನಗೆ ಯಾವ ತಕರಾರೂ ಇಲ್ಲ. ಎಣ್ಣೆ ಅವನದು, ಸೀಸೆ ಅವನದು, ಮಾತೂ ಅವನದೇ. ಆದರೆ "ತಿಮಿಂಗಿಲ ಕಾಣದಿದ್ದರೆ ಹಣ ವಾಪಸ್, ಇಲ್ಲವೇ ಇನ್ನೊಂದು ಯಾನ ಉಚಿತ" ಎಂದು ದೋಣಿಯ ಮಾಲೀಕನೊಬ್ಬ ಬಂದರಿನಲ್ಲಿ ಫಲಕ ನಿಲ್ಲಿಸಿದರೆ, ಅವನು ಯಾರ ಪರವಾಗಿ ಈ ಭರವಸೆಯನ್ನು ಕೊಡುತ್ತಿದ್ದಾನೆ ಎಂದು ಕೇಳಬೇಕಾಗುತ್ತದೆ. ತಿಮಿಂಗಿಲವು ಅವನ ಕೊಟ್ಟಿಗೆಯಲ್ಲಿ ಕಟ್ಟಿದ ಎಮ್ಮೆಯಲ್ಲ. ಹೊತ್ತಿಗೆ ಸರಿಯಾಗಿ ಬಂದು ಮುಖ ತೋರಿಸುತ್ತೇನೆಂದು ಅದು ಯಾರಿಗೂ ಬರೆದುಕೊಟ್ಟಿಲ್ಲ.

ಈ ಬರಹಕ್ಕೆ ಕಾರಣನಾದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ನಲವತ್ತು ದಾಟಿದ್ದಾನೆ, ಇಂಗ್ಲೆಂಡಿನಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ನನಗೆ ಮಾತ್ರ ಇನ್ನೂ ಹುಡುಗನೇ. ರಜೆಯಲ್ಲಿ ಸಂಸಾರ ಸಮೇತ ಟೆನೆರಿಫೆ ದ್ವೀಪಕ್ಕೆ ಹೋಗಿ ಬಂದವನು, ತಿಮಿಂಗಿಲ ದರ್ಶನದ ದೋಣಿಯಿಂದ ತೆಗೆದ ಮೂರು ನಿಮಿಷದ ವಿಡಿಯೋ ಒಂದನ್ನು ಕಳುಹಿಸಿದ. ನಾನು ಎರಡು ಸಾಲಿನಲ್ಲಿ ನನ್ನ ಅಸಮಾಧಾನವನ್ನು ತಿಳಿಸಿದೆ. ಅವನು ಎರಡು ಪುಟದ ಉತ್ತರ ಬರೆದ. ವಾದ ಮಾಡುವುದನ್ನು ಕಲಿಸಿದವನು ನಾನೇ ಆದ್ದರಿಂದ ದೂರುವಂತಿಲ್ಲ. ಆದರೆ ಅವನ ಮಾತುಗಳನ್ನೇ ನಿಮ್ಮಲ್ಲಿ ಇನ್ನೂ ಹಲವರು (ಐಸ್‌ಲ್ಯಾಂಡಿಗೆ ಹೋದವರು, ಮದೀರಾಕ್ಕೆ ಹೋದವರು) ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ್ದೀರಿ. ಆದ್ದರಿಂದ ಅವನ ಒಪ್ಪಿಗೆ ಪಡೆದು, ಹೆಸರು ಹೇಳದೆ, ಎಲ್ಲರಿಗೂ ಕಾಣುವಂತೆ ಇಲ್ಲಿಯೇ ಉತ್ತರಿಸುತ್ತಿದ್ದೇನೆ.

ಭೂಪಟ ಹುಡುಕುವವರಿಗಾಗಿ ಒಂದು ಮಾತು. ಆಫ್ರಿಕಾದ ವಾಯವ್ಯ ಕರಾವಳಿಯಾಚೆ, ಅಟ್ಲಾಂಟಿಕ್ ಸಾಗರದಲ್ಲಿ, ಸ್ಪೇನ್ ದೇಶಕ್ಕೆ ಸೇರಿದ ಕೆನರಿ ದ್ವೀಪಗಳಿವೆ. ಜ್ವಾಲಾಮುಖಿಗಳು ಸಮುದ್ರತಳದಿಂದ ಎತ್ತಿ ನಿಲ್ಲಿಸಿದ ದ್ವೀಪಗಳಿವು. ಅವುಗಳಲ್ಲಿ ದೊಡ್ಡದಾದ ಟೆನೆರಿಫೆಯ ನಡುವೆ 3715 ಮೀಟರ್ ಎತ್ತರದ ಟೇಡೆ ಪರ್ವತವಿದೆ. ಈಶಾನ್ಯದಿಂದ ಬೀಸುವ ವಾಣಿಜ್ಯ ಮಾರುತಗಳಿಗೆ ಈ ಪರ್ವತವು ಅಡ್ಡ ನಿಲ್ಲುವುದರಿಂದ ದ್ವೀಪದ ನೈಋತ್ಯಕ್ಕಿರುವ ಕಡಲು ವರ್ಷದ ಬಹುಪಾಲು ಶಾಂತವಾಗಿರುತ್ತದೆ. ದಡದಿಂದ ಹೆಚ್ಚು ದೂರ ಹೋಗುವ ಮೊದಲೇ ನೀರಿನ ಆಳ ಸಾವಿರ ಮೀಟರನ್ನು ಮುಟ್ಟುತ್ತದೆ. ಟೆನೆರಿಫೆಗೂ ಪಕ್ಕದ ಲಾ ಗೊಮೆರಾ ದ್ವೀಪಕ್ಕೂ ನಡುವಿನ ಈ ಕಡಲ್ಗಾಲುವೆಯಲ್ಲಿ ಪೈಲಟ್ ತಿಮಿಂಗಿಲಗಳು ವರ್ಷವಿಡೀ ನೆಲೆಸಿವೆ. 2021ರಲ್ಲಿ ಈ ಕಡಲಿಗೆ 'ತಿಮಿಂಗಿಲ ಪರಂಪರೆಯ ತಾಣ' ಎಂಬ ಬಿರುದೂ ಸಿಕ್ಕಿತು, ಯುರೋಪಿನಲ್ಲಿಯೇ ಮೊದಲನೆಯದಾಗಿ. ಗ್ಯಾರಂಟಿಯ ಗುಟ್ಟು ಇರುವುದು ಇಲ್ಲಿಯೇ. ವಲಸೆ ಹೋಗದ, ಮನೆ ಬಿಟ್ಟು ಎಲ್ಲಿಗೂ ಹೊರಡದ ಪ್ರಾಣಿ, ದಡಕ್ಕೆ ಸಮೀಪವಿರುವ ಮನೆ, ಅಲೆಯಿಲ್ಲದ ದಾರಿ. ಇಷ್ಟಿದ್ದ ಮೇಲೆ ಯಾವ ವ್ಯಾಪಾರಿ ತಾನೇ ಗ್ಯಾರಂಟಿ ಕೊಡುವುದಿಲ್ಲ?

ಪೈಲಟ್ ತಿಮಿಂಗಿಲವು ಹೆಸರಿಗೆ ತಿಮಿಂಗಿಲ, ಕುಲದಲ್ಲಿ ಡಾಲ್ಫಿನ್. ಕಪ್ಪು ಮೈ, ಉಬ್ಬಿದ ದುಂಡು ಹಣೆ. "ತಿಮಿಂಗಿಲ ಮೀನಲ್ಲ, ಸಸ್ತನಿ" ಎಂದು ಎಂಟನೆಯ ತರಗತಿಯಲ್ಲಿ ನಿಮ್ಮಿಂದ ಎಷ್ಟು ಸಲ ಹೇಳಿಸಿದ್ದೇನೋ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಒಂದು ಅಂಕಕ್ಕಾಗಿ ಬರೆದ ಆ ವಾಕ್ಯವನ್ನು ಈಗ ಸ್ವಲ್ಪ ಬಿಡಿಸಿ ನೋಡಿ. ಸಸ್ತನಿಯಾದ್ದರಿಂದ ಅದು ಉಸಿರಿಗಾಗಿ ನೀರಿನ ಮೇಲೆ ಬರಲೇಬೇಕು. ಸಸ್ತನಿಯಾದ್ದರಿಂದ ಮರಿಗೆ ಹಾಲೂಡಲೇಬೇಕು. ಸುಮಾರು ಹದಿನೈದು ತಿಂಗಳು ಗರ್ಭ ಹೊತ್ತು ಹೆತ್ತ ಮರಿಗೆ ಈ ತಾಯಿ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಲೂಡುತ್ತದೆ. ಬೇಟೆಗೆಂದು ಸಾವಿರ ಮೀಟರ್ ಆಳಕ್ಕೆ ಇಳಿಯುತ್ತದೆ. ಅಲ್ಲಿ, ಕಗ್ಗತ್ತಲೆಯಲ್ಲಿ, ಸ್ಕ್ವಿಡ್‌ಗಳ ಬೆನ್ನಟ್ಟಿ ಸೆಕೆಂಡಿಗೆ ಒಂಬತ್ತು ಮೀಟರ್‌ವರೆಗಿನ ವೇಗದಲ್ಲಿ ಧಾವಿಸುತ್ತದೆ. ಇದೇ ಟೆನೆರಿಫೆಯ ತಿಮಿಂಗಿಲಗಳ ಮೈಗೆ ಉಪಕರಣಗಳನ್ನು ಅಂಟಿಸಿ ಇದನ್ನು ಅಳೆದ ಸಂಶೋಧಕರು 2008ರಲ್ಲಿ ಅವನ್ನು ಆಳಸಾಗರದ ಚೀತಾಗಳೆಂದು ಕರೆದರು. ಉಸಿರು ಬಿಗಿಹಿಡಿದು ಅಂಥ ಓಟ ಓಡಿ ಮೇಲೆ ಬಂದ ಪ್ರಾಣಿಗೆ ವಿಶ್ರಾಂತಿ ಬೇಡವೆ? ಹಗಲಿನಲ್ಲಿ ಅವು ಮರದ ದಿಮ್ಮಿಗಳಂತೆ ಅಲುಗಾಡದೆ ತೇಲುವುದು ಅದಕ್ಕಾಗಿ. ದೋಣಿಯ ಮೇಲಿನವರು ಅದನ್ನು ಕಂಡು "ಎಷ್ಟು ಸಾಧು ನೋಡಿ, ನಮ್ಮನ್ನು ನೋಡಲು ಬಂದಿದೆ" ಎನ್ನುತ್ತಾರೆ!

ನಮ್ಮ ವಯಸ್ಸಿನವರಿಗಾಗಿ ಇನ್ನೊಂದು ಸಂಗತಿ. ಈ ಜಾತಿಯ ಹೆಣ್ಣುಗಳು ಹೆರುವುದು ನಿಂತ ಮೇಲೂ ಬಹಳ ವರ್ಷ ಬದುಕಿರುತ್ತವೆ. ಸಸ್ತನಿಗಳಲ್ಲಿ ಇದು ತೀರ ಅಪರೂಪ. ಮನುಷ್ಯರನ್ನು ಬಿಟ್ಟರೆ ಓರ್ಕಾ ಮೊದಲಾದ ಬೆರಳೆಣಿಕೆಯ ಜಾತಿಗಳಲ್ಲಷ್ಟೇ ಕಂಡುಬಂದಿದೆ. ತಾಯಿ, ಮಗಳು, ಮರಿಗಳು ಒಟ್ಟಾಗಿ ಬಾಳುವ ಆ ಗುಂಪುಗಳಲ್ಲಿ, ಆದ್ದರಿಂದ, ಅಜ್ಜಿಯರೂ ಇರುತ್ತಾರೆ.

ಇನ್ನು ವಿಡಿಯೋದ ವಿಷಯ. ಮೊದಲ ಬಾರಿ ನೋಡಿದಾಗ ಕಪ್ಪು ಬೆನ್ನುಗಳು ಮಾತ್ರ ಕಂಡವು, ಚೆಂದವಾಗಿಯೇ ಇದ್ದವು. ಎರಡನೆಯ ಬಾರಿ ಹಿನ್ನೆಲೆಯನ್ನು ನೋಡಿದೆ. ಏಳು ದೋಣಿಗಳು. ಮೂರನೆಯ ಬಾರಿ ಕಣ್ಣು ಮುಚ್ಚಿ ಬರಿಯ ಸದ್ದನ್ನು ಕೇಳಿದೆ. ಎಂಜಿನ್ನಿನ ಗುಡುಗು, ಯಾವುದೋ ದೋಣಿಯ ಸಂಗೀತ, ಮಕ್ಕಳ ಕೂಗು, ಧ್ವನಿವರ್ಧಕದಲ್ಲಿ ಮೂರು ಭಾಷೆಯ ವಿವರಣೆ. ಮೂರು ನಿಮಿಷದಲ್ಲಿ ಒಮ್ಮೆಯಾದರೂ ತಿಮಿಂಗಿಲದ ಉಸಿರು ಕೇಳಿಸುವುದೇ ಎಂದು ಕಾದೆ. ಕೇಳಿಸಲಿಲ್ಲ.

"ಈಗ ಯಾರೂ ಅವನ್ನು ಕೊಲ್ಲುತ್ತಿಲ್ಲವಲ್ಲ ಸಾರ್, ನೋಡುತ್ತಾರೆ ಅಷ್ಟೆ" ಎಂಬುದು ಅವನ ಮೊದಲ ವಾದ. ಇದಕ್ಕೆ ಸ್ವಲ್ಪ ಇತಿಹಾಸ ಹೇಳಬೇಕು. ಕೆನರಿಯಿಂದ ಬಹಳ ಉತ್ತರಕ್ಕೆ, ಅಟ್ಲಾಂಟಿಕ್‌ನ ನಡುವೆ, ಪೋರ್ಚುಗಲ್ಲಿಗೆ ಸೇರಿದ ಅಸೋರ್ಸ್ ಎಂಬ ಒಂಬತ್ತು ದ್ವೀಪಗಳಿವೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ತಿಮಿಂಗಿಲ ಬೇಟೆಯ ಹಡಗುಗಳು ಅಲ್ಲಿಯ ಯುವಕರನ್ನು ಕೂಲಿಗೆ ಹತ್ತಿಸಿಕೊಳ್ಳುತ್ತಿದ್ದವು. ಅವರು ಕಲಿತ ವಿದ್ಯೆಯನ್ನು ಊರಿಗೆ ತಂದರು. ಬಂಡೆಯ ತುದಿಯಲ್ಲಿ 'ವಿಜಿಯಾ' ಎಂಬ ಕಾವಲು ಗೋಪುರ. ಅದರಲ್ಲಿ ಬೆಳಗಿನಿಂದ ಕಡಲನ್ನೇ ದಿಟ್ಟಿಸುವ ಒಬ್ಬ ಮನುಷ್ಯ. ಸ್ಪರ್ಮ್ ತಿಮಿಂಗಿಲದ ಉಸಿರಿನ ಬುಗ್ಗೆ ಕಂಡೊಡನೆ ಬಾಣ ಹಾರಿಸುತ್ತಿದ್ದ. ಹೊಲದಲ್ಲಿದ್ದವರು ಗುದ್ದಲಿ ಬಿಸಾಡಿ ಬಂದರಿಗೆ ಓಡುತ್ತಿದ್ದರು. ಏಳು ಜನರ ತೆರೆದ ದೋಣಿ, ಕೈಯಲ್ಲಿ ಎಸೆಯುವ ಈಟಿ. ಇಪ್ಪತ್ತನೆಯ ಶತಮಾನದ ಕೊನೆಯವರೆಗೂ ಹೀಗೆಯೇ ನಡೆಯಿತು. ಕೊನೆಯ ಬೇಟೆಯಾದದ್ದು 1987ರಲ್ಲಿ. ಮದೀರಾದಲ್ಲಿ ಅದು 1981ರಲ್ಲಿಯೇ ನಿಂತಿತ್ತು. ವಾಣಿಜ್ಯ ಬೇಟೆಗೆ ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು 1982ರಲ್ಲಿ ಒಪ್ಪಿದ ತಡೆ 1986ರಲ್ಲಿ ಜಾರಿಗೆ ಬಂತು. ಬೇಟೆ ನಿಂತ ಕೆಲವೇ ವರ್ಷಗಳಲ್ಲಿ ಅದೇ ಪೀಕೋ ದ್ವೀಪದಿಂದ ಪ್ರವಾಸಿಗಳ ದೋಣಿಗಳು ಹೊರಟವು. ಅದೇ ಗೋಪುರಕ್ಕೆ ಕೆಲವೆಡೆ ಅದೇ ಹಳೆಯ ಕಾವಲುಗಾರರು ಮರಳಿ ಏರಿದರು. ಈ ಬಾರಿ ಬಾಣದ ಬದಲು ರೇಡಿಯೋ.

ಈ ಬದಲಾವಣೆ ದೊಡ್ಡದು. ನಾನು ಅದನ್ನು ಹೀಗಳೆಯುವುದಿಲ್ಲ. ಆದರೆ ನನ್ನ ಹುಡುಗನ ತರ್ಕವನ್ನು ಗಮನಿಸಿ. ಕೊಲ್ಲದಿರುವುದೇ ಸಜ್ಜನಿಕೆಯ ಮಟ್ಟವಾದರೆ, ಆ ಮಟ್ಟವನ್ನು ನಮ್ಮ ಬೀದಿಯ ಪುಂಡರೆಲ್ಲರೂ ಮುಟ್ಟುತ್ತಾರೆ. ಫ಼ಾರೋ ದ್ವೀಪಗಳಲ್ಲಿ ಇಂದಿಗೂ ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಪೈಲಟ್ ತಿಮಿಂಗಿಲವನ್ನು ಗುಂಪುಗುಂಪಾಗಿ ದಡಕ್ಕೆ ಅಟ್ಟಿ ಕೊಲ್ಲುತ್ತಾರೆ. 2021ರ ಸೆಪ್ಟೆಂಬರಿನಲ್ಲಿ ಒಂದೇ ದಿನ 1,400ಕ್ಕೂ ಹೆಚ್ಚು ಡಾಲ್ಫಿನ್‌ಗಳನ್ನು ಕೊಂದಾಗ ಅಲ್ಲಿಯವರೇ ಬೆಚ್ಚಿಬಿದ್ದರು. ಅದಕ್ಕಿಂತ ನಾವು ವಾಸಿ ಎಂದು ಹೇಳಿಕೊಳ್ಳುವುದಾದರೆ ಹೇಳಿಕೊಳ್ಳಲಿ. ತರಗತಿಯಲ್ಲಿ ಪಕ್ಕದವನಿಗೆ ಸೊನ್ನೆ ಬಂದಿದೆ, ನನಗೆ ಹನ್ನೆರಡು ಬಂದಿದೆ ಎಂದು ಸಂಭ್ರಮಿಸುವವರನ್ನು ನಾನು ಮೂವತ್ತು ವರ್ಷ ಕಂಡಿದ್ದೇನೆ.

ಎರಡನೆಯ ವಾದ ಕಾನೂನಿನದು. "ನಿಯಮಗಳಿವೆ, ನಮ್ಮ ದೋಣಿ ಅವನ್ನು ಪಾಲಿಸಿತು." ನಿಯಮಗಳಿವೆ, ನಿಜ. ಸ್ಪೇನಿನ 2007ರ ರಾಜಾಜ್ಞೆಯ ಪ್ರಕಾರ ದೋಣಿಯು ಪ್ರಾಣಿಯಿಂದ 60 ಮೀಟರಿಗಿಂತ ಹತ್ತಿರ ಹೋಗಕೂಡದು, ನೀರಿಗಿಳಿದು ಅವುಗಳೊಡನೆ ಈಜಕೂಡದು. ಅಸೋರ್ಸ್‌ನಲ್ಲಿ 1999ರಿಂದಲೇ ತಿಮಿಂಗಿಲ ದರ್ಶನಕ್ಕೆ ಪ್ರತ್ಯೇಕ ಕಾನೂನಿದೆ. (ಆದರೂ ಅಲ್ಲಿ ಕೆಲವು ಜಾತಿಯ ಡಾಲ್ಫಿನ್‌ಗಳ ನಡುವೆ ಪ್ರವಾಸಿಗಳನ್ನು ನೀರಿಗೆ ಇಳಿಸುವುದಕ್ಕೆ ಅನುಮತಿಯಿದೆ. ಯಾರೋ ಊಟ ಮಾಡುತ್ತಿರುವಾಗ ಅವರ ತಟ್ಟೆಯ ಪಕ್ಕಕ್ಕೆ ಹೋಗಿ ಕುಳಿತುಕೊಳ್ಳುವ ಈ ಉಮೇದಿನ ಬಗ್ಗೆ ಹೆಚ್ಚು ಹೇಳಲಾರೆ.) ನನ್ನ ಆಕ್ಷೇಪವಿರುವುದು ಈ ಅಳತೆಗೋಲಿನ ಮೇಲೆ. ಮೀಟರು ಕಣ್ಣಿನ ಅಳತೆ. ನಮಗೆ ಕಣ್ಣು ಮುಖ್ಯ, ಆದ್ದರಿಂದ ದೂರ ನಿಂತರೆ ತೊಂದರೆಯಿಲ್ಲವೆಂದುಕೊಂಡೆವು. ತಿಮಿಂಗಿಲವು ಕಿವಿಯಿಂದ ಬದುಕುವ ಪ್ರಾಣಿ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1500 ಮೀಟರ್ ಸಾಗುತ್ತದೆ, ಗಾಳಿಯಲ್ಲಿ ಸಾಗುವುದರ ನಾಲ್ಕು ಪಟ್ಟಿಗಿಂತ ಹೆಚ್ಚು. ಕಿವಿಯಿಂದ ಬದುಕುವವನಿಗೆ ಅರವತ್ತು ಮೀಟರ್ ಯಾವ ದೂರ?

ಇದು ನನ್ನ ಊಹೆಯಲ್ಲ. ಲಾ ಲಗೂನಾ ವಿಶ್ವವಿದ್ಯಾಲಯದ ಪಟ್ರೀಸಿಯಾ ಅರಾಂಜ್ ಮತ್ತು ಅವರ ಸಂಗಡಿಗರು ಇದೇ ಟೆನೆರಿಫೆಯಲ್ಲಿ ಒಂದು ಪ್ರಯೋಗ ಮಾಡಿ 2021ರಲ್ಲಿ ಪ್ರಕಟಿಸಿದರು. ವಿದ್ಯಾರ್ಥಿಗಳೇ, ಪ್ರಯೋಗವೆಂದರೆ ಹೇಗಿರಬೇಕೆಂಬುದಕ್ಕೆ ಇದೊಂದು ಮಾದರಿ. ಮೇಲಿನಿಂದ ಡ್ರೋನ್ ಮೂಲಕ ತಾಯಿ ಮತ್ತು ಮರಿಗಳ ಜೋಡಿಗಳನ್ನು ಚಿತ್ರಿಸಿಕೊಳ್ಳುವುದು. ಕಾನೂನು ಹೇಳಿದ 60 ಮೀಟರ್ ದೂರವನ್ನೇ ಕಾಪಾಡಿಕೊಂಡು, ಮೆಲ್ಲನೆಯ ವೇಗದಲ್ಲಿ ಪಕ್ಕದಲ್ಲಿ ದೋಣಿ ನಡೆಸುವುದು. ಒಮ್ಮೆ ಸದ್ದಿಲ್ಲದ ವಿದ್ಯುತ್ ಎಂಜಿನ್ನಿನಿಂದ, ಇನ್ನೊಮ್ಮೆ ಪೆಟ್ರೋಲ್ ಎಂಜಿನ್ನಿನಿಂದ. ವಿದ್ಯುತ್ ಎಂಜಿನ್ನಿನಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಸದ್ದಿನ ಎಂಜಿನ್ ಬಂದಾಗ ತಾಯಿಯ ವಿಶ್ರಾಂತಿ ಶೇಕಡಾ 29ರಷ್ಟು ಕಡಿಮೆಯಾಯಿತು. ಮರಿ ಹಾಲು ಕುಡಿಯುವುದು ಶೇಕಡಾ 81ರಷ್ಟು ಕಡಿಮೆಯಾಯಿತು.

ಈ ಎರಡನೆಯ ಅಂಕಿಯನ್ನು ದಯಮಾಡಿ ಇನ್ನೊಮ್ಮೆ ಓದಿ. ಹಾಲು ಕುಡಿಯುವುದು, ಶೇಕಡಾ 81. ಕಾನೂನನ್ನು ಅಕ್ಷರಶಃ ಪಾಲಿಸಿದ, ಒಂದೇ ಒಂದು ದೋಣಿಗೆ. ನನ್ನ ಹುಡುಗನ ವಿಡಿಯೋದಲ್ಲಿದ್ದದ್ದು ಏಳು. ಹಸುಗೂಸಿಗೆ ಹಾಲೂಡುತ್ತಿರುವ ತಾಯಿ ಇರುವ ಕೋಣೆಗೆ ನಮ್ಮ ಮನೆಗಳಲ್ಲಿ ಗಂಡಸರು ಕೆಮ್ಮದೆ ಕಾಲಿಡುವುದಿಲ್ಲ. ಈ ಸಂಕೋಚವನ್ನು ಯಾವ ರಾಜಾಜ್ಞೆಯೂ ನಮಗೆ ಕಲಿಸಲಿಲ್ಲ. ಅದೇ ಮನೆಯಲ್ಲಿ ಬೆಳೆದವರು ದುಡ್ಡು ಕೊಟ್ಟು, ಸರದಿಯಲ್ಲಿ ನಿಂತು, ಎಂಜಿನ್ ಹಾಕಿಸಿಕೊಂಡು ಹೋಗಿ ಬಾಣಂತಿಯ ಚಿತ್ರ ತೆಗೆದು ನನಗೆ ಕಳುಹಿಸುತ್ತಾರೆ!

2019ರಲ್ಲಿ ಟೆನೆರಿಫೆಯ ಅದೇ ನೀರಿನಲ್ಲಿ, ದೋಣಿಯ ಪ್ರೊಪೆಲ್ಲರ್‌ಗೆ ಸಿಕ್ಕಿ ಬಾಲ ಕತ್ತರಿಸಿಹೋಗಿದ್ದ ಒಂದು ಎಳೆಯ ಪೈಲಟ್ ತಿಮಿಂಗಿಲವನ್ನು ಪಶುವೈದ್ಯರು ದಯಾಮರಣಕ್ಕೆ ಗುರಿಮಾಡಬೇಕಾಯಿತು. ಆ ದೋಣಿ ಪ್ರವಾಸಿಗಳದೇ ಎಂದು ನಾನು ಆರೋಪಿಸುತ್ತಿಲ್ಲ. ಮೀನುಗಾರರೂ, ವೇಗದ ಫೆರ‍್ರಿಗಳೂ, ಸ್ವಂತ ದೋಣಿಯ ಶ್ರೀಮಂತರೂ, ಪರವಾನಗಿಯಿಲ್ಲದ ಬಾಡಿಗೆಯವರೂ ಓಡಾಡುವ ದಾರಿ ಅದು. ಅಂಥ ದಾರಿಯ ನಡುವೆ ಮಲಗುವ ಪ್ರಾಣಿಯ ಬಳಿಗೆ ಇನ್ನಷ್ಟು ದೋಣಿಗಳನ್ನು ಕರೆಯುವುದು ಸರಿಯೇ ಎಂಬುದಷ್ಟೇ ಪ್ರಶ್ನೆ.

ಇಲ್ಲಿಯೇ ಗ್ಯಾರಂಟಿಯ ಕೆಡುಕು ಅರ್ಥವಾಗುವುದು. ಕಂಡರೆ ಕಂಡಿತು, ಇಲ್ಲದಿದ್ದರೆ ಇಲ್ಲ ಎಂದು ಹೊರಡುವ ದೋಣಿಯು ತಾಯಿ ಮರಿಯನ್ನು ಕಂಡಾಗ ಪಕ್ಕಕ್ಕೆ ಸರಿದು ಹೋಗಬಲ್ಲದು. ಹಣ ಮರಳಿಸಬೇಕಾದವನು ಹಾಗೆ ಹೋಗಲಾರ. ಮೊದಲು ಕಂಡವನು ರೇಡಿಯೋದಲ್ಲಿ ಇನ್ನೊಬ್ಬನಿಗೆ ತಿಳಿಸುತ್ತಾನೆ. ನಾಳೆ ಅವನು ಇವನಿಗೆ ತಿಳಿಸಬೇಕಲ್ಲ. ಒಂದು ದೋಣಿ ತನ್ನ ಪಾಲಿನ ಹೊತ್ತನ್ನು ಮುಗಿಸಿ ಹೋಗುವಾಗ ಮತ್ತೊಂದು ಬರುತ್ತದೆ. ಪ್ರತಿಯೊಂದು ದೋಣಿಯೂ ತನ್ನ ಮಟ್ಟಿಗೆ ನಿಯಮ ಪಾಲಿಸಿದೆ, ಪ್ರತಿಯೊಬ್ಬ ಪ್ರವಾಸಿಯೂ ತನ್ನ ಮಟ್ಟಿಗೆ ನಿರಪರಾಧಿ. ತಿಮಿಂಗಿಲಕ್ಕೆ ಮಾತ್ರ ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಸದ್ದು. ದೋಣಿಯ ಕಡೆಯಿಂದ ಬರೆದ ಲೆಕ್ಕದ ಪುಸ್ತಕದಲ್ಲಿ ಈ ಮೊತ್ತ ಎಲ್ಲಿಯೂ ಬರುವುದಿಲ್ಲ.

ಮೂರನೆಯ ವಾದ ಹೊಟ್ಟೆಪಾಡಿನದು, ಗೌರವದಿಂದ ಉತ್ತರಿಸಬೇಕಾದದ್ದು. ಬೇಟೆ ನಿಂತ ಮೇಲೆ ಪೀಕೋದಂಥ ಊರುಗಳಿಗೆ ಈ ದೋಣಿಗಳು ಅನ್ನ ಕೊಟ್ಟವು. 2008ರ ಒಂದು ಲೆಕ್ಕದಂತೆ ಜಗತ್ತಿನ 119 ದೇಶ, ಪ್ರದೇಶಗಳಲ್ಲಿ ಒಂದು ಕೋಟಿ ಮೂವತ್ತು ಲಕ್ಷ ಜನ ತಿಮಿಂಗಿಲ ನೋಡಲು ಹೋದರು. 210 ಕೋಟಿ ಡಾಲರ್ ವಹಿವಾಟಾಯಿತು. ಒಪ್ಪಿದೆ. ಆದರೆ ಇಷ್ಟು ಹಣ ಓಡಾಡುವ ಉದ್ಯಮಕ್ಕೆ ಸದ್ದು ಕಡಿಮೆಯ ಎಂಜಿನ್ ಹಾಕಿಸಲು ಹಣವಿಲ್ಲವೆಂದರೆ ನಂಬುವುದು ಹೇಗೆ? ಅರಾಂಜ್ ಅವರ ಪ್ರಯೋಗ ವಿದ್ಯುತ್ ಎಂಜಿನ್ನಿನ ದೋಣಿಯಿಂದಲೇ ನಡೆಯಿತಲ್ಲ, ಅಂದರೆ ಅಂಥ ದೋಣಿ ಇದೆ, ಓಡುತ್ತದೆ. ನಾನು ಅಂಗಡಿ ಮುಚ್ಚಿಸಿ ಎನ್ನುತ್ತಿಲ್ಲ. ಅಂಗಡಿಯವನು ಹಾಕಿದ ಹಾಡಿನ ಸದ್ದನ್ನು ಇಳಿಸಿ ಎನ್ನುತ್ತಿದ್ದೇನೆ, ತನ್ನದಲ್ಲದ ಸರಕಿಗೆ ಗ್ಯಾರಂಟಿ ಕೊಡುವುದನ್ನು ನಿಲ್ಲಿಸಿ ಎನ್ನುತ್ತಿದ್ದೇನೆ.

"ಮಕ್ಕಳಿಗೆ ಪ್ರಕೃತಿಯ ಮೇಲೆ ಪ್ರೀತಿ ಬರುತ್ತದೆ" ಎಂಬ ಮಾತಿಗೆ, ಬಹುಕಾಲ ಮಕ್ಕಳ ನಡುವೆ ಕಳೆದವನಾಗಿ, ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ. ಟಿಕೆಟು ಕೊಂಡ ಅರ್ಧ ಗಂಟೆಯಲ್ಲಿ ಪ್ರಾಣಿ ಹಾಜರಾಗುತ್ತದೆ, ಹಾಜರಾಗದಿದ್ದರೆ ಅಪ್ಪ ದುಡ್ಡು ವಾಪಸ್ ಕೇಳುತ್ತಾನೆ. ಇದರಿಂದ ಮಗು ಕಲಿಯುವುದು ಪ್ರಕೃತಿಯ ಪಾಠವೋ, ಗಿರಾಕಿಯ ಪಾಠವೋ? ನಮ್ಮ ಕಾರವಾರ, ಗೋಕರ್ಣಗಳಲ್ಲಿಯೂ ಡಾಲ್ಫಿನ್ ತೋರಿಸುವ ದೋಣಿಗಳು ಹೊರಡುತ್ತವೆ. ಅಲ್ಲಿಯ ಹಂಪ್‌ಬ್ಯಾಕ್ ಡಾಲ್ಫಿನ್‌ಗಳು ದಡಕ್ಕೆ ಹತ್ತಿರವೇ ಸುಳಿಯುವಂಥವು. ಮುಂಜಾನೆ ಮರಳಿನ ಮೇಲೆ ಒಂದು ಗಂಟೆ ಸುಮ್ಮನೆ ಕುಳಿತರೆ ಎಷ್ಟೋ ದಿನ ಕಾಣುತ್ತವೆ. ಆ ಒಂದು ಗಂಟೆ ಕೂರುವ ವ್ಯವಧಾನ ನಮಗಿಲ್ಲ. ಮಕ್ಕಳಿಗಿದೆ, ಕಲ್ಲು ಎಸೆಯುತ್ತಲೋ, ಏಡಿ ಹಿಡಿಯುತ್ತಲೋ ಅವು ಇಡೀ ಬೆಳಗು ಕಳೆಯಬಲ್ಲವು. ಗಡಿಯಾರ ನೋಡುವವರು ನಾವೇ.

ಟೆನೆರಿಫೆಯಲ್ಲಿಯೇ ಒಂದು ಉದ್ಯಾನದಲ್ಲಿ 2006ರಲ್ಲಿ ಓರ್ಕಾಗಳನ್ನು ತಂದು ಕೊಳದಲ್ಲಿಟ್ಟು ಕುಣಿಸಲಾರಂಭಿಸಿದರು; ಅದಕ್ಕಿಂತ ದೋಣಿ ಮೇಲಲ್ಲವೇ ಎಂದೂ ಅವನು ಕೇಳಿದ್ದಾನೆ. ಮೇಲು. ಮೇಲೆ ಹೇಳಿದ ಹನ್ನೆರಡು ಅಂಕದ ಉತ್ತರವೇ ಇದಕ್ಕೂ.

ಕೊನೆಗೆ ಅವನು ಬರೆದದ್ದು: "ಸಾರ್, ನೀವು ಆ ದೋಣಿಯನ್ನು ಹತ್ತಿಯೇ ಇಲ್ಲ. ಕಣ್ಣಾರೆ ಕಂಡಿದ್ದರೆ ಹೀಗೆ ಬರೆಯುತ್ತಿರಲಿಲ್ಲ." ಹತ್ತಿಲ್ಲ, ನಿಜ. ಆದರೆ ದೋಣಿ ಹತ್ತಿದವರ ಅನುಭವವಷ್ಟೇ ಇಲ್ಲಿ ಸಾಕ್ಷಿಯೆಂದು ಯಾರು ತೀರ್ಮಾನಿಸಿದರು? ದೋಣಿಯ ಮೇಲೆ ನಿಂತವನಿಗೆ ದೋಣಿಯ ಸದ್ದು ಹತ್ತು ನಿಮಿಷದಲ್ಲಿ ಅಭ್ಯಾಸವಾಗಿಬಿಡುತ್ತದೆ. ಅವನ ವಿಡಿಯೋದಲ್ಲಿ ಅಷ್ಟು ಗದ್ದಲವಿದೆಯೆಂದು ಅವನಿಗೇ ತಿಳಿದಿರಲಿಲ್ಲ. ಕಣ್ಣಾರೆ ಕಂಡವನು ಅವನು, ಕಿವಿಯಾರೆ ಕೇಳಿದವನು ನಾನು. ತಿಮಿಂಗಿಲದ ವಿಷಯದಲ್ಲಿ ಯಾವ ಇಂದ್ರಿಯದ ಸಾಕ್ಷಿ ಹೆಚ್ಚು ಬೆಲೆಯುಳ್ಳದ್ದೆಂದು ಮೇಲೆಯೇ ಹೇಳಿದ್ದೇನೆ.

ಕನ್ನಡ ಪಾಠದ ಹೊತ್ತಿನವರಿಗಾಗಿ ಒಂದು ಉಪಕಥೆ. ತಿಮಿ ಎಂಬ ಮಹಾಮೀನನ್ನು ನುಂಗುವುದು ತಿಮಿಂಗಿಲ. ನಮ್ಮ ಹಿರಿಯರು ಅಲ್ಲಿಗೇ ನಿಲ್ಲಿಸಲಿಲ್ಲ. ಆ ತಿಮಿಂಗಿಲವನ್ನೂ ನುಂಗುವ ತಿಮಿಂಗಿಲಗಿಲ ಎಂಬುದೊಂದನ್ನು ಕಲ್ಪಿಸಿದರು. ಅದು ಯಾವ ಪ್ರಾಣಿಯಿರಬಹುದೆಂದು ವಿದ್ಯಾರ್ಥಿಗಳು ಕೇಳಿದಾಗ ಹಿಂದೆ ನನ್ನ ಬಳಿ ಉತ್ತರವಿರುತ್ತಿರಲಿಲ್ಲ. ಈಗ ಅದಕ್ಕೆ ಎರಡು ಎಂಜಿನ್, ಒಂದು ಬಾರ್, ಎಂಬತ್ತು ಆಸನಗಳಿರಬಹುದೆಂಬ ಅನುಮಾನ!

ಅವನ ತಂಗಿಯೂ ನನ್ನ ವಿದ್ಯಾರ್ಥಿನಿಯೇ. ಬರುವ ಬೇಸಿಗೆಯಲ್ಲಿ ಅಸೋರ್ಸ್‌ಗೆ ಹೋಗುವವಳಿದ್ದಾಳೆ, ಏನು ಮಾಡಲಿ ಸಾರ್ ಎಂದು ಕೇಳಿದ್ದಾಳೆ. ಅವಳಿಗೆ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ. ಪೀಕೋ ದ್ವೀಪದ ಲಾಜೆಸ್‌ನಲ್ಲಿ ಬೇಟೆಗಾರರ ವಸ್ತುಸಂಗ್ರಹಾಲಯವಿದೆ. ಮೊದಲು ಅದನ್ನು ನೋಡು. ಆಮೇಲೆ ಊರಾಚೆಯ ಬಂಡೆಯ ಮೇಲಿನ ಹಳೆಯ ಕಾವಲು ಗೋಪುರದ ಕಡೆಗೆ ನಡೆದು ಹೋಗು. ಒಳ್ಳೆಯ ಬೈನಾಕ್ಯುಲರ್ ಒಂದಿರಲಿ, ಬುತ್ತಿಯಿರಲಿ. ಸ್ಪರ್ಮ್ ತಿಮಿಂಗಿಲವು ಮುಕ್ಕಾಲು ಗಂಟೆ, ಕೆಲವೊಮ್ಮೆ ಒಂದು ಗಂಟೆ ಮುಳುಗಿರುತ್ತದೆ. ಮೇಲೆ ಬಂದರೆ ಹತ್ತು ನಿಮಿಷದಷ್ಟು ಹೊತ್ತು ಉಸಿರು ತುಂಬಿಕೊಳ್ಳುತ್ತದೆ. ಅದರ ಬುಗ್ಗೆ ನೆಟ್ಟಗೆ ಏಳದೆ ಮುಂದಕ್ಕೆ, ಎಡಕ್ಕೆ ವಾಲಿರುತ್ತದೆ. ದೂರದಿಂದಲೇ ಗುರುತು ಹಿಡಿಯಬಹುದು. ದೋಣಿಯಲ್ಲಿಯೇ ಹೋಗಬೇಕೆನಿಸಿದರೆ ಟಿಕೆಟು ಕೊಳ್ಳುವ ಮೊದಲು ಎಂಜಿನ್ ಯಾವುದು, ತಾಯಿ ಮರಿ ಕಂಡರೆ ಏನು ಮಾಡುತ್ತೀರಿ, ಇನ್ನೊಂದು ದೋಣಿ ಆಗಲೇ ಅಲ್ಲಿದ್ದರೆ ಏನು ಮಾಡುತ್ತೀರಿ ಎಂದು ಕೇಳು. ಗ್ಯಾರಂಟಿ ಕೊಡುತ್ತೇವೆ ಎಂದವರ ಬಳಿ ಕೊಳ್ಳಬೇಡ. ಚಿತ್ರ ಬರದಿದ್ದರೂ ಚಿಂತೆಯಿಲ್ಲ. ಬಂಡೆಯ ಮೇಲೆ ಎಷ್ಟು ಹೊತ್ತು ಕುಳಿತಿದ್ದೆ, ಏನೇನು ಕಂಡಿತು ಎಂದು ನನಗೆ ಪತ್ರ ಬರೆ.